ಹುಳು ‘ಮೊಂಡುಬಿದ್ದಿದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಒಂದು ಪದದ ತಕರಾರು ತಂದಿದ್ದೇನೆ. ವಿಷಯ ಆಡಿನ ಹೊಟ್ಟೆಯದು, ಊಟದ ಹೊತ್ತಿನಲ್ಲಿ ಓದುತ್ತಿರುವವರು ಕ್ಷಮಿಸಿ.

ಮಳವಳ್ಳಿ ಕಡೆಯ ನಮ್ಮ ಊರಿನ ಆಡು ಸಾಕುವವರಿಗಾಗಿ ಜಂತುಹುಳುವಿನ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಹೀಗೊಂದು ಸಾಲಿತ್ತು: ‘ಪದೇ ಪದೇ ಔಷಧಿ ಕೊಟ್ಟರೆ ಹುಳುಗಳಲ್ಲಿ ನಿರೋಧಕ ಶಕ್ತಿ ಬೆಳೆಯುತ್ತದೆ.’ ಅಚ್ಚಿಗೆ ಕೊಡುವ ಮುಂಚೆ ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಅವರದು ಆರು ಆಡು. ಮರಿಗೆ ಹಲಸಿನ ಸೊಪ್ಪು ತಿನ್ನಿಸುತ್ತಿದ್ದವರು ತಲೆ ಎತ್ತದೆ, ‘ಶಕ್ತಿ ಬಂದ್ರೆ ಒಳ್ಳೇದೇ ಅಲ್ವಾ ಬುಡಪ್ಪ’ ಅಂದರು.

ತಪ್ಪು ಅವರದಲ್ಲ. ಕೊರೋನಾ ಬಂದಾಗಿನಿಂದ ‘ರೋಗನಿರೋಧಕ ಶಕ್ತಿ’ ಅಂದರೆ ಕಷಾಯ ಕುಡಿದು ಹೆಚ್ಚಿಸಿಕೊಳ್ಳಬೇಕಾದದ್ದು ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಸಾಲದ್ದಕ್ಕೆ ಹುಳು ಕೊಲ್ಲುವ ಮದ್ದನ್ನೂ ‘ಜಂತುನಿರೋಧಕ’ ಅಂತ ಬರೆದದ್ದು ಕಂಡಿದ್ದೇನೆ. ಹುಳುವಿದ್ದರೂ ತಾಳಿಕೊಳ್ಳುವ ಆಡಿಗೂ ಅದೇ ಪದ. ಮದ್ದಿಗೆ ಸಾಯದ ಹುಳುವಿಗೂ ಅದೇ. ಯಾರು ಯಾರನ್ನು ತಡೆಯುತ್ತಿದ್ದಾರೆ ಅಂತ ಹುಡುಕಬೇಕು. ‘ತಡೆಶಕ್ತಿ’ ಅಂತ ಅಚ್ಚಗನ್ನಡ ಮಾಡಿಕೊಂಡರೂ ಗೋಜಲು ಹಾಗೇ ಇರುತ್ತದೆ.

‘ಹಾಗಲ್ಲ ಅಜ್ಜಿ, ಮದ್ದು ಕುಡಿಸಿದರೂ ಹುಳ ಸಾಯಲ್ಲ’ ಅಂತ ಬಿಡಿಸಿ ಹೇಳಿದೆ. ಆಗ ಅವರು, ‘ಮದ್ದು ಆಕಿ ಆಕಿ ಮೊಂಡುಬಿದ್ದೋಗವೆ ಅನ್ನು ಮತ್ತೆ.’

ಎಷ್ಟು ಸಲೀಸು! ಹೊಡೆದು ಹೊಡೆದು ಮಗು ಮೊಂಡುಬಿದ್ದಿದೆ ಅಂತ ನಾವೆಲ್ಲ ಆಡುವ ಮಾತೇ. ಏಟಿಗೆ ಹೆದರದ ಮಗು, ಮದ್ದಿಗೆ ಜಗ್ಗದ ಹುಳು. ಇಲ್ಲಿ ಮೊಂಡ ಯಾರು ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಆದರೆ ಮನೆಗೆ ಬಂದ ಮೇಲೆ ಒಂದು ಕೊಂಕು ಹೊಳೆಯಿತು. ಮೊಂಡುಬೀಳುವುದು ಅದೇ ಮಗು. ಹುಳುವಿನ ಕತೆ ಹಾಗಲ್ಲ. ಆಡಿನ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೀಮಾಂಕಸ್ ಹುಳುವನ್ನೇ ತೆಗೆದುಕೊಳ್ಳಿ. ಕೆಂಪು ಬಿಳಿ ದಾರ ಹೊಸೆದ ಹಾಗೆ ಕಾಣುತ್ತದೆ. ಒಂದು ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಮದ್ದು ಕುಡಿಸಿದಾಗ ಸತ್ತವು ಸತ್ತವು. ಹುಟ್ಟಿನಿಂದಲೇ ಗಟ್ಟಿಯಾಗಿದ್ದ ನಾಲ್ಕಾರು ಉಳಿಯುತ್ತವೆ. ಮುಂದೆ ಹಿಕ್ಕೆಯ ಜೊತೆ ಹುಲ್ಲಿಗೆ ಬೀಳುವುದೆಲ್ಲ ಅವುಗಳದೇ ಸಂತಾನ. ಅಂದರೆ ಹುಳು ಕಲಿತು ಮೊಂಡಾಗಲಿಲ್ಲ, ಮೊಂಡ ವಂಶ ಮಾತ್ರ ಉಳಿಯಿತು. ಕುರಿಗೆ ಕೊಡುವ ಅಳತೆಯನ್ನೇ ಆಡಿಗೂ ಕೊಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಆಡಿನ ಮೈ ಈ ಮದ್ದುಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಅಳತೆ ಕಮ್ಮಿ ಬಿದ್ದರೆ ಉಳಿಯುವ ಹುಳು ಜಾಸ್ತಿ. ತೂಕ ನೋಡದೆ ಕಣ್ಣಂದಾಜಿನಲ್ಲಿ ಗೊಟ್ಟ ಎತ್ತಿದರೂ ಅಷ್ಟೇ. (ಈಗ ಬಿದಿರಿನ ಗೊಟ್ಟ ಯಾರ ಮನೆಯಲ್ಲಿದೆ? ಸೂಜಿ ತೆಗೆದ ಸಿರಿಂಜಿನಲ್ಲಿ ಕುಡಿಸಿದರೂ ನಮ್ಮಲ್ಲಿ ‘ಗೊಟ್ಟ ಎತ್ತು’ ಅನ್ನುವುದು ಮಾತ್ರ ಬಿಟ್ಟಿಲ್ಲ.)

ಮೊಂಡು ಅಂದರೆ ಹರಿತವಿಲ್ಲದ್ದು ಅಂತಲೂ ಇದೆಯಲ್ಲ, ಮೊಂಡು ಕತ್ತಿ, ಮೊಂಡು ಕುಡುಗೋಲು. ಹಾಗಾದರೆ ‘ಮದ್ದು ಮೊಂಡಾಗಿದೆ’ ಅಂದರೆ ಹೇಗೆ? ಕೇಳಲು ಚೆನ್ನಾಗಿದೆ. ಆದರೆ ಓದಿದವರು ಆ ಬಾಟಲಿಯೇ ಕೆಟ್ಟದ್ದು ಅಂದುಕೊಂಡು ಬೇರೆ ಹೆಸರಿನದು ತಂದಾರು. ಒಳಗಿರುವುದು ಮತ್ತೆ ಅದೇ ಆಲ್ಬೆಂಡಜೋಲ್! ಹಾಗಾಗಿ ನನ್ನ ಒಲವು ಇನ್ನೂ ‘ಮೊಂಡುಬಿದ್ದ ಹುಳು’ವಿನ ಕಡೆಗೇ. ವಂಶದ ವಿಷಯವನ್ನು ಮುಂದಿನ ಸಾಲಿನಲ್ಲಿ ಹೇಳಿಬಿಡಬಹುದು ಅನಿಸುತ್ತದೆ. ‘ಮದ್ದು ನಾಟದ ಹುಳು’ ಅಂತಲೂ ಬರೆದು ನೋಡಿದೆ. ಸರಿಯಾಗಿಯೇ ಇದೆ, ಆದರೆ ಸಪ್ಪೆ.

ಇನ್ನೊಂದು ಪದವೂ ಬೇಕು. ಈಗ ಮಂದೆಗೆಲ್ಲ ಒಟ್ಟಿಗೆ ಕುಡಿಸಬೇಡಿ, ಕಣ್ಣಿನ ಕೆಳರೆಪ್ಪೆ ಎಳೆದು ಒಳಮೈ ಬಣ್ಣ ನೋಡಿ, ಬಿಳಿಚಿಕೊಂಡವಕ್ಕೆ ಕುಡಿಸಿ ಅನ್ನುತ್ತಾರೆ. ಅದಕ್ಕೆ ಫಮಾಚಾ ಅನ್ನುವ 1ರಿಂದ 5ರವರೆಗಿನ ಬಣ್ಣದ ಪಟ್ಟಿ ಇದೆ. ದಕ್ಷಿಣ ಆಫ್ರಿಕಾದ ಪಶುವೈದ್ಯ ಫಾಫಾ ಮಾಲನ್ ಅವರ ಹೆಸರಿನ ಮೊದಲ ತುಣುಕುಗಳಿಗೆ ಚಾರ್ಟಿನ ‘ಚಾ’ ಅಂಟಿಸಿದ ಹೆಸರು. 1 ಅಂದರೆ ಚೆನ್ನಾಗಿ ಕೆಂಪು, 5 ಅಂದರೆ ಸುಣ್ಣದ ಹಾಗೆ ಬಿಳಿ. ಮದ್ದು ಕುಡಿಯದ ಆಡುಗಳಲ್ಲಿ ಸಾಧು ಹುಳುಗಳು ಉಳಿದು, ಮೊಂಡ ಹುಳುಗಳ ಜೊತೆ ಬೆರೆತು, ಮದ್ದಿನ ಮೊನೆ ಇನ್ನಷ್ಟು ಕಾಲ ಉಳಿಯುತ್ತದೆ. ಹೀಗೆ ಬೇಕೆಂದೇ ಬಿಟ್ಟ ಹುಳುಗಳಿಗೆ ಇಂಗ್ಲಿಷಿನಲ್ಲಿ ‘ರೆಫ್ಯೂಜಿಯಾ’ ಅನ್ನುತ್ತಾರೆ. ಒಬ್ಬರು ‘ಆಶ್ರಯತಾಣ’ ಅಂತ ಸೂಚಿಸಿದರು. ಹುಳುಗಳಿಗೆ ಛತ್ರ ಕಟ್ಟಿಸಿದ ಹಾಗಾಯಿತು. ಸದ್ಯಕ್ಕೆ ‘ಮದ್ದು ಸೋಕದ ಹುಳು’ ಅಂತ ಬರೆದಿಟ್ಟಿದ್ದೇನೆ.

ಪಾಂಡವಪುರ, ನಾಗಮಂಗಲ, ಎಚ್.ಡಿ. ಕೋಟೆ ಕಡೆಯವರು ಇದ್ದರೆ ಹೇಳಿ. ನಿಮ್ಮಲ್ಲಿ ಹುಳು ಮೊಂಡುಬೀಳುತ್ತದೋ, ಮದ್ದೇ ಹಿಡಿಯುವುದಿಲ್ಲವೋ, ಇಲ್ಲ ಇನ್ನೇನಾದರೂ ಮಾತಿದೆಯೋ?