ಲಿನಕ್ಸ್‌ಗೆ ಒಗ್ಗುವ ಮೋಡೆಮ್ ಯಾವುದು? ಬಳಸಿದವರು ಹೇಳಿ

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ: ನಮ್ಮೂರಿಗೆ ಫೈಬರ್ ಬಂದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಇದೆ. ಸಿಮ್ ಹಾಕುವ 4ಜಿ ಡಾಂಗಲ್ ಕೇಳಿದರೆ ಅಂಗಡಿಯವರು "ವಿಂಡೋಸ್ ಆದ್ರೆ ಗ್ಯಾರಂಟಿ ಸರ್, ಲಿನಕ್ಸ್ ಗೊತ್ತಿಲ್ಲ" ಅಂತಾರೆ. ಯಾವುದು ತಗೊಳ್ಳಲಿ?

ಮೈಸೂರು: ಕಂಪನಿ ಹೆಸರಿಗಿಂತ, ಸಿಕ್ಕಿಸಿದಾಗ ಅದು ಕಂಪ್ಯೂಟರಿಗೆ ಏನಾಗಿ ಕಾಣಿಸುತ್ತೆ ಅನ್ನೋದು ಮುಖ್ಯ. ಕೆಲವು ಡಾಂಗಲ್ ಸೀರಿಯಲ್ ಪೋರ್ಟ್ (ಹಳೇ ಮೋಡೆಮ್ ಜೋಡಿಸ್ತಿದ್ದ ಕಿಂಡಿ) ಆಗಿ ಕಾಣಿಸ್ತವೆ, ನೆಟ್ ಸಂಪರ್ಕಕ್ಕೆ *99# ಡಯಲ್ ಮಾಡೋ ಕೆಲಸ ಲಿನಕ್ಸ್‌ನ ತಲೆಗೆ. ಇನ್ನು ಕೆಲವು ತಾವೇ ಪುಟ್ಟ ರೌಟರ್: ಸಂಪರ್ಕ ತಾವೇ ಮಾಡಿಕೊಂಡು, ಲಿನಕ್ಸ್‌ಗೆ ಬರೀ ನೆಟ್‌ವರ್ಕ್ ಕಾರ್ಡ್ ಥರ ಕಾಣಿಸ್ತವೆ. ಹುವಾವೆಯವರು ಇದಕ್ಕೆ ಹೈಲಿಂಕ್ ಅಂತಾರೆ. ಕಣ್ಣುಮುಚ್ಚಿ ಈ ಎರಡನೇ ಜಾತಿಯದ್ದೇ ತಗೊಳ್ಳಿ. ನನ್ನ ಹತ್ತಿರ ಇರೋದು ಇ3372ಎಚ್. ಬ್ರೌಸರ್‌ನಲ್ಲಿ 192.168.8.1 ಹೊಡೆದ್ರೆ ಅದರ ಪುಟ ತೆರೆಯುತ್ತೆ; ಎಪಿಎನ್ (ಸಿಮ್ ಕಂಪನಿಯ ನೆಟ್‌ಗೆ ಸೇರೋಕೆ ಕೊಡೋ ಹೆಸರು), ಸಿಮ್ ಪಿನ್ ಎಲ್ಲ ಹಾಕೋದು ಅಲ್ಲೇ.

ಸಿಕ್ಕಿಸಿದ ತಕ್ಷಣ ನೆಟ್ ಬರದೆ ಡೆಸ್ಕ್‌ಟಾಪ್ ಮೇಲೆ ಸಿಡಿ ಐಕಾನ್ ಬಂದು ಕೂತರೆ ಗಾಬರಿ ಬೇಡ. ವಿಂಡೋಸ್ ಡ್ರೈವರ್ ಡಾಂಗಲ್ ಒಳಗೇ ಇರುತ್ತೆ, ಅದನ್ನ ಕೊಡೋಕೆ ಅದು ಮೊದಲು ಸಿಡಿ ಡ್ರೈವ್ ವೇಷ ಹಾಕುತ್ತೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಕೊಡಿ, ಸಿಕ್ಕಿಸಿರೋ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತೆ. ನನ್ನ ಡಾಂಗಲ್‌ನ ಸಾಲಿನಲ್ಲಿ 12ಡಿ1:1ಎಫ್01 (12d1:1f01) ಅಂತಿದ್ದರೆ ಇನ್ನೂ ವೇಷದಲ್ಲೇ ಇದೆ, 12ಡಿ1:14ಡಿಸಿ (12d1:14dc) ಅಂತಾದರೆ ಮೋಡೆಮ್ ಆಗಿದೆ. ವೇಷ ಕಳಚೋದು ಯುಎಸ್‌ಬಿ-ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜ್. ಆ ಪ್ಯಾಕೇಜ್ ಇಲ್ಲದಿದ್ದರೆ ಫೋನನ್ನ ಕೇಬಲ್‌ನಲ್ಲಿ ಜೋಡಿಸಿ, ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಕಂಪ್ಯೂಟರಿಗೆ ಕೊಡೋದು) ಆನ್ ಮಾಡಿ, ಆ ನೆಟ್‌ನಲ್ಲಿ ಹಾಕಿಕೊಳ್ಳಿ. (ಟೆದರಿಂಗೇ ಸಾಕು ಅನ್ನಿಸಿದ್ರೆ ಡಾಂಗಲ್ ದುಡ್ಡು ಉಳೀತು!)

ಹುಬ್ಬಳ್ಳಿ: ಮೈಸೂರಿನವರು ಹೇಳಿದ್ದು ಡಯಲಪ್ ಕಾಲಕ್ಕೂ ಖರೇನ ಇತ್ತು ನೋಡ್ರಿ. ಆಗ ಪಿಸಿಯೊಳಗ ಬರೋ 56ಕೆ ಕಾರ್ಡ್ ಭಾಳಷ್ಟು ವಿನ್‌ಮೋಡೆಮ್. ಮೋಡೆಮ್ ಮಾಡೋ ಕೆಲಸಾನ ಸಿಪಿಯು ಮ್ಯಾಲೆ ಹೊರಿಸಿ ರೊಕ್ಕ ಉಳಿಸಿದ್ರು. ಆ ಕೆಲಸದ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸಿಗಷ್ಟ ಬರ್ತಿತ್ತು. ಹೊರಗಿಡೋ ಸೀರಿಯಲ್ ಮೋಡೆಮ್ ತುಟ್ಟಿ, ಆದ್ರ ಡಬ್ಲ್ಯುವಿಡಯಲ್ (ಲಿನಕ್ಸಿನ ಡಯಲ್ ಮಾಡೋ ಕಮಾಂಡ್) ಕೊಟ್ರ ಮುಗೀತು. ಮುಂದ ಎಡಿಎಸ್‌ಎಲ್ (ಫೋನ್ ತಂತಿ ಮ್ಯಾಲಿನ ಬ್ರಾಡ್‌ಬ್ಯಾಂಡ್) ಬಂದಾಗ ಕೆಲವು ಮೋಡೆಮಿಗೆ ಯುಎಸ್‌ಬಿ, ಈಥರ್ನೆಟ್ ಎರಡೂ ಇರ್ತಿದ್ವು. ನೆಟ್‌ವರ್ಕ್ ಕೇಬಲ್ಲಿನ ಈಥರ್ನೆಟ್ಟಿಗೆ ಡ್ರೈವರ್ ಗದ್ದಲ ಇಲ್ಲ ಅಂತ ನಾವು ಅದು ಬಿಟ್ಟು ಬ್ಯಾರೇದು ಮುಟ್ಟಲಿಲ್ಲ.

ಬೆಂಗಳೂರು: ಲ್ಯಾಪ್‌ಟಾಪಿನಲ್ಲೇ ಸಿಮ್ ಸ್ಲಾಟ್ ಇದೆಯಾ ನೋಡಿ, ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಇರುತ್ತೆ. ಕಾರ್ಡ್ ಕಾಣಿಸಿದರೂ ರೇಡಿಯೋ ಆನ್ ಆಗದಿದ್ದರೆ ಎಫ್‌ಸಿಸಿ ಲಾಕ್ (ಅಮೆರಿಕದ ರೇಡಿಯೋ ನಿಯಮಕ್ಕಾಗಿ ತಯಾರಕರು ಹಾಕೋ ಬೀಗ) ಇರಬಹುದು. ಲಿನಕ್ಸಿನಲ್ಲಿ ಮೋಡೆಮ್ ನೋಡಿಕೊಳ್ಳೋ ಪ್ರೋಗ್ರಾಂ ಮೋಡೆಮ್‌ಮ್ಯಾನೇಜರ್, 1.18.4ನೇ ಆವೃತ್ತಿಯಿಂದ ಈಚೆಗೆ ಅದನ್ನ ತಾನಾಗಿ ತೆಗೆಯಲ್ಲ, ಜೊತೆಗೆ ಬರೋ ಸ್ಕ್ರಿಪ್ಟನ್ನ ನಾವೇ ಜೋಡಿಸಬೇಕು.

ಕುಂದಾಪುರ: ಸೆಕೆಂಡ್‌ಹ್ಯಾಂಡ್ ಅಗ್ಗ ಅಂತ 3ಜಿ ಡಾಂಗಲ್ ತಗೊಳ್ಬೇಡಿ ಮಾರಾಯ್ರೆ. ಜಿಯೋಗೆ 3ಜಿ ಯಾವತ್ತೂ ಇರಲಿಲ್ಲ, ಏರ್‌ಟೆಲ್ 2020ರಲ್ಲಿ ನಿಲ್ಲಿಸ್ತು. 4ಜಿಯಲ್ಲೂ ಯುರೋಪಿಗೆ ಮಾಡಿದ ಮಾಡೆಲ್ ಆದ್ರೆ ಬ್ಯಾಂಡ್ (ಸಿಗ್ನಲ್ ಬರೋ ತರಂಗಗಳ ಪಟ್ಟಿ) ನೋಡಿ. ಜಿಯೋ ಬಳಸೋದು 3, 5, 40. ನಿಮ್ಮ ಕಡೆ ಗುಡ್ಡ ದಾಟಿ ದೂರ ಬರೋದು 850 ಮೆಗಾಹರ್ಟ್ಸ್‌ನ 5ನೇ ಬ್ಯಾಂಡ್, ಅದೇ ಇಲ್ಲದಿದ್ರೆ ಕಷ್ಟ. ಅಂದ ಹಾಗೆ ಮನೇಲಿ ಸಿಗ್ನಲ್ ಎಲ್ಲಿ ಸಿಗುತ್ತೆ?

ತೀರ್ಥಹಳ್ಳಿ: ಅಟ್ಟದ ಕಿಟಕಿ ಹತ್ತಿರ ಮಾತ್ರ ಸರ್. ಕೆಳಗೆ ಒಂದು ಕಡ್ಡಿಯೂ ಇಲ್ಲ.

ಕುಂದಾಪುರ: ಹಾಗಾದ್ರೆ ಡಾಂಗಲ್ ಬಿಡಿ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಿದ್ರೆ ನಂಬೋ ಹಾಗಿಲ್ಲ, ಈಥರ್ನೆಟ್ 100 ಮೀಟರ್ ಎಳೀಬಹುದು. ಸಿಮ್ ಹಾಕೋ 4ಜಿ ರೌಟರ್ ತಂದು ಕಿಟಕಿ ಹತ್ತಿರ ಇಡಿ, ವೈರ್ ಕೆಳಗೆ ಇಳಿಸಿ. ಲ್ಯಾಪ್‌ಟಾಪ್‌ನಲ್ಲಿ ಯಾವ ಡ್ರೈವರೂ ಬೇಡ. ಕರೆಂಟ್ ಹೋದಾಗ ರೌಟರಿಗೆ ಸಣ್ಣ ಯುಪಿಎಸ್ ಬೇಕಾಗುತ್ತೆ, 12 ವೋಲ್ಟಿನದ್ದಾ ಅಂತ ಅಡಾಪ್ಟರ್ ಮೇಲೆ ನೋಡ್ಕೊಂಡು ತಗೊಳ್ಳಿ.