ಕೆಸರಿನ ನೀರು ಬಾಟಲಿಯಲ್ಲಿ ಕೆಂಪಾಗಿ ಫಾಸ್ಫೇಟ್ ರೀಡಿಂಗ್ ಬಿದ್ದುಹೋಗುತ್ತಿದೆ, ಯಾಕೆ?

ಪ್ರಶ್ನೆ

ಬೇಸಾಯ ಬಿಟ್ಟ ಜಮೀನಿಗೆ ಮತ್ತೆ ನೀರು ನಿಲ್ಲಿಸಿ ಜೌಗು ಮಾಡಿದ್ದೇವೆ. 10 ಸೆಂ.ಮೀ. ಆಳದಿಂದ ಮಣ್ಣಿನೊಳಗಿನ ನೀರನ್ನು ಸಿರಿಂಜ್‌ನಲ್ಲಿ ಎಳೆದು ಪರೀಕ್ಷೆ ಮಾಡುತ್ತೇನೆ. ಎಳೆದಾಗ ಕಾಗೆ ಕಣ್ಣಿನಂಥ ತಿಳಿನೀರು. ಅಲ್ಲೇ ಕಿಟ್‌ನಲ್ಲಿ ನೋಡಿದರೆ ಫಾಸ್ಫೇಟ್‌ಗೆ ಕಡುನೀಲಿ ಬರುತ್ತದೆ. ಅದೇ ನೀರನ್ನು ಸಂಜೆ ನೋಡಿದರೆ ನೀಲಿ ಇದೆಯೋ ಇಲ್ಲವೋ ಅನ್ನುವಷ್ಟು. ಬಾಟಲಿಯ ತಳದಲ್ಲಿ ತುಕ್ಕಿನ ಬಣ್ಣದ ಪುಡಿ ಕೂತಿರುತ್ತದೆ. ಹೊಸ ಕಿಟ್ ತಂದರೂ ಅದೇ ಕಥೆ. ಯಾವುದನ್ನು ನಂಬಲಿ?

ಉತ್ತರ

ಮೊದಲನೆಯದನ್ನೇ ನಂಬಿ. ಕಿಟ್‌ನದು ತಪ್ಪಿಲ್ಲ. ನಿಮ್ಮ ಫಾಸ್ಫೇಟ್ ಆ ಪುಡಿಯಲ್ಲೇ ಇದೆ.

ನೀರು ನಿಂತ ಮಣ್ಣಿನೊಳಗೆ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಆಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ತುಕ್ಕಿನ ರೂಪದ ಕಬ್ಬಿಣವನ್ನು ಬಳಸಿಕೊಂಡು ಬದುಕುತ್ತವೆ. ಕಬ್ಬಿಣ ಕರಗುತ್ತದೆ. ಅದಕ್ಕೆ ಅಂಟಿಕೊಂಡಿದ್ದ ಹಳೇ ಗೊಬ್ಬರದ ಫಾಸ್ಫೇಟೂ ನೀರಿಗೆ ಬರುತ್ತದೆ. ಬಾಟಲಿಯಲ್ಲಿ ಗಾಳಿ ತಾಗಿದ ಕೂಡಲೇ ಇದೆಲ್ಲ ಉಲ್ಟಾ. ಕಬ್ಬಿಣ ಮತ್ತೆ ತುಕ್ಕಾಗಿ, ಫಾಸ್ಫೇಟನ್ನು ಹಿಡಿದುಕೊಂಡು ತಳ ಸೇರುತ್ತದೆ.

ಹಾಗಾಗಿ ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಉಳಿಯದ ಹಾಗೆ ಎಳೆಯಿರಿ. ಅಲ್ಲೇ, ಕೆಸರಲ್ಲಿ ನಿಂತೇ, 0.45 ಮೈಕ್ರಾನ್ ಫಿಲ್ಟರ್ ಸಿಕ್ಕಿಸಿ ಮೊದಲ ಕೆಲವು ಹನಿ ಚೆಲ್ಲಿ. ಉಳಿದದ್ದನ್ನು ಆಸಿಡ್ ಹಾಕಿಟ್ಟ ಬಾಟಲಿಗೆ ನೇರವಾಗಿ ತಳ್ಳಿ. ಪಿಎಚ್ 2ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕರಗಿದ ಹಾಗೇ ಇರುತ್ತದೆ. ಕೈಗವಸು, ಕನ್ನಡಕ ಮರೆಯಬೇಡಿ. ಸೋಸದೆ ಮಾತ್ರ ಆಸಿಡ್ ಹಾಕಲೇಬೇಡಿ. ಮಣ್ಣಿನ ಕಣಕ್ಕೆ ಅಂಟಿದ ಫಾಸ್ಫೇಟೂ ಕರಗಿ ರೀಡಿಂಗ್ ಸುಮ್ನೆ ಜಾಸ್ತಿ ಆಗುತ್ತದೆ. ನಾನು ಒಂದಿಡೀ ಮಳೆಗಾಲದ ಮಾದರಿಗಳನ್ನು ಹೀಗೇ ಕಳೆದುಕೊಂಡೆ. ಇನ್ನೂ ನೋವಿದೆ.

ಆಸಿಡ್ ಹಾಕಿದ ಮಾದರಿಗೆ ಕಿಟ್ ಬೇಡ, ಬಣ್ಣ ಕೆಡಬಹುದು. 4 ಡಿಗ್ರಿಯಲ್ಲಿಟ್ಟು ಲ್ಯಾಬ್‌ಗೆ ಕೊಡಿ, ಆಸಿಡ್ ಇದೆ ಅಂತ ಚೀಟಿ ಅಂಟಿಸಿ.

ಇನ್ನೊಬ್ಬರು

ಮೇಲೆ ನಿಂತ ನೀರನ್ನೂ ಬೇರೆಯಾಗಿ ನೋಡ್ತೀರಿ ಅಲ್ವಾ? ಅದರಲ್ಲಿ ಆಮ್ಲಜನಕ ಇರುವಾಗ, ಕೆಸರಿನ ಮೇಲಿನ ತೆಳು ತುಕ್ಕಿನ ಪದರವೇ ಫಾಸ್ಫೇಟನ್ನು ತಡೆಯುತ್ತದೆ. ಬೆಳಗಿನ ಜಾವ ಆಮ್ಲಜನಕ ತೀರಾ ಕಡಿಮೆ ಇರುತ್ತದೆ, ಆಗಲೂ ಒಮ್ಮೆ ಅಳೆಯಿರಿ. ಮಧ್ಯಾಹ್ನದ ರೀಡಿಂಗ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ.

ಪ್ರಶ್ನೆ ಕೇಳಿದವರು

ಎರಡು ಬಾಟಲಿ ಅಕ್ಕಪಕ್ಕ ಇಟ್ಟು ನೋಡಿದೆ. ಸಂಜೆಗೆ ಒಂದು ಕೆಂಪು, ಆಸಿಡ್ ಹಾಕಿದ್ದು ಹಾಗೇ ತಿಳಿ. ಲ್ಯಾಬ್ ಲೆಕ್ಕವೂ ಜೌಗಿನಲ್ಲಿ ಕಿಟ್ ತೋರಿಸಿದ್ದಕ್ಕೆ ಹತ್ತಿರ ಬಂತು. ಫಾಸ್ಫೇಟ್ ಇಳಿದಿದೆ ಅಂದುಕೊಂಡು ಕೆಳಗಿನ ಕೆರೆಗೆ ತೂಬು ತೆರೆಯುವುದರಲ್ಲಿದ್ದೆವು. ಈಗ ಮುಚ್ಚೇ ಇಟ್ಟಿದ್ದೇವೆ. ಹಳೇ ಸಂಜೆ ರೀಡಿಂಗ್‌ಗಳನ್ನೆಲ್ಲ ಪಟ್ಟಿಯಲ್ಲಿ ಕೆಂಪು ಗುರುತು ಹಾಕಿ ಬೇರೆ ಮಾಡಿದೆ.