ಪೀಣ್ಯದಲ್ಲಿ ಆರು ಶೆಡ್ ಸೇರ್ಕೊಂಡು ಮಿಷನ್ ಮಾನಿಟರಿಂಗ್ ಹಾಕಿಸೋಕಾಗತ್ತಾ?

ಲೇತ್‌ಶೆಡ್:
ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ನಮ್ದು ಜಾಬ್‌ವರ್ಕ್, ಮೂರು ಸಿಎನ್‌ಸಿ (ಕಂಪ್ಯೂಟರ್ ಕಂಟ್ರೋಲ್ ಮಿಷನ್), ಎರಡು ಓಬಿರಾಯನ ಕಾಲದ ಲೇತು. ಕಸ್ಟಮರ್ ಕಡೆಯವ್ರು ಬಂದಾಗೆಲ್ಲ ಮಿಷನ್ ಎಷ್ಟೊತ್ತು ಓಡ್ತು ಎಷ್ಟೊತ್ತು ನಿಂತಿತ್ತು ಡೇಟಾ ತೋರ್ಸಿ ಅಂತಾರೆ, ನಮ್ಹತ್ರ ಇರೋದು ಶಿಫ್ಟ್ ಮುಗಿಯೋವಾಗ ಆಪರೇಟರ್ ಅಂದಾಜಲ್ಲಿ ಗೀಚೋ ನೋಟ್‌ಬುಕ್ಕು. ವೆಂಡರ್ ರೇಟ್ ಒಬ್ರಿಗೆ ಎಟುಕಲ್ಲ. ಅಕ್ಕಪಕ್ಕದ ಐದು ಜನಾನೂ ರೆಡಿ ಇದಾರೆ, ಒಟ್ಟಿಗೆ ದುಡ್ಡು ಹಾಕಿದ್ರೆ ಕ್ಲಸ್ಟರ್ ಸ್ಕೀಮಲ್ಲಿ ಗ್ರಾಂಟ್ ಸಿಗತ್ತಾ?

ಫೈಲ್‌ಮೂವರ್:
ಸ್ಕೀಮ್ ಇದೆ, ನಿಮ್ ಸೈಜಿಗಲ್ಲ. ಕೇಂದ್ರದ ಎಂಎಸ್‌ಇ-ಸಿಡಿಪಿ, ಅಂದ್ರೆ ಸಣ್ಣ ಕೈಗಾರಿಕೆಗಳ ಕ್ಲಸ್ಟರ್ ಸ್ಕೀಮಲ್ಲಿ, 2022ರ ಗೈಡ್‌ಲೈನ್ ಪ್ರಕಾರ 5ರಿಂದ 10 ಕೋಟಿ ಪ್ರಾಜೆಕ್ಟಿಗೆ 70%, ಅದರ ಮೇಲೆ 30 ಕೋಟಿವರೆಗೆ 60% ಕೊಡ್ತಾರೆ. ಅದೂ ಎಲ್ರೂ ಸೇರಿ ಎಸ್‌ಪಿವಿ ಅಂತ ಒಂದು ಜಂಟಿ ಸಂಸ್ಥೆ ಮಾಡ್ಬೇಕು, ರಾಜ್ಯ ಸರ್ಕಾರದ ಮೂಲಕ ಫೈಲ್ ಹೋಗ್ಬೇಕು. ದುಡ್ಡು ಕೊಡೋದು ಕಾಮನ್ ಫೆಸಿಲಿಟಿಗೆ, ಅಂದ್ರೆ ಟೆಸ್ಟಿಂಗ್ ಲ್ಯಾಬು, ಟೂಲ್‌ರೂಮು ಈ ತರ. ನಿಮ್ ಶೆಡ್ಡೊಳಗಿನ ಮಿಷನ್ನಿಗೆ ಕೂರ್ಸೋ ಸೆನ್ಸರ್ ಅದ್ರಲ್ಲಿ ಬರಲ್ಲ. ಗ್ರಾಂಟ್ ಕಾಯ್ತಾ ಕೂತ್ರೆ ಲೇತ್ ತುಕ್ಕು ಹಿಡಿಯತ್ತೆ ಅಷ್ಟೇ.

ಸ್ಪಿಂಡಲ್‌ಸೀನ:
ದುಡ್ಡಿನ ಮಾತಿಗಿಂತ ಮುಂಚೆ ಹೋಗಿ ನೋಡ್ಕೊಂಡ್ ಬನ್ನಿ. ತುಮಕೂರು ರೋಡಲ್ಲೇ ಮಿಷನ್ ಟೂಲ್ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ ಸಿಎಂಟಿಐ ಇದೆ, ಕೇಂದ್ರದ ಸಮರ್ಥ್ ಉದ್ಯೋಗ್ ಸ್ಕೀಮ್ ಅಡಿಯಲ್ಲಿ ಅಲ್ಲಿ ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಡೆಮೋ ಸೆಲ್ ಮಾಡಿದಾರೆ, ಐಐಎಸ್‌ಸಿಲೂ ಅದೇ ಸ್ಕೀಮಿನ ಸೆಂಟರ್ ಇದೆ. ಆಮೇಲೆ ಎಲ್ಲಾ ಮಿಷನ್ನಿಗೂ ಒಂದೇ ಡಬ್ಬ ಅಂತ ವೆಂಡರ್ ಹೇಳಿದ್ರೆ ನಂಬ್ಬೇಡಿ. ಸಿಎನ್‌ಸಿಲಿ ಫ್ಯಾನುಕ್ ಕಂಪನಿ ಕಂಟ್ರೋಲ್ ಇದ್ದು ಅದ್ರಲ್ಲಿ ಈಥರ್ನೆಟ್ ಪೋರ್ಟ್ ಇದ್ರೆ ಅವರದೇ ಫೋಕಾಸ್ ಸಾಫ್ಟ್‌ವೇರ್ ಮೂಲಕ ಪಾರ್ಟ್ ಕೌಂಟು, ಅಲಾರಂ ಎಲ್ಲಾ ನೇರ ಎಳೀಬಹುದು. ಹಳೇ ಲೇತಿಗೆ ಅದೆಲ್ಲ ಇಲ್ಲ, ಮೋಟರ್ ವೈರಿಗೆ ಕರೆಂಟ್ ಕ್ಲಾಂಪ್ ಹಾಕಿದ್ರೆ ಓಡ್ತಿದೆಯಾ ನಿಂತಿದೆಯಾ ಅಷ್ಟು ಗೊತ್ತಾಗತ್ತೆ, ಸಾಕಲ್ವಾ. ಆದ್ರೆ ಯಾಕೆ ನಿಂತಿದೆ ಅಂತ ಯಾವ ಸೆನ್ಸರೂ ಹೇಳಲ್ಲ, ಟೂಲ್ ಹೋಯ್ತಾ, ಮೆಟೀರಿಯಲ್ ಬಂದಿಲ್ವಾ, ಸೆಟ್ಟಿಂಗಾ, ಅದನ್ನ ಆಪರೇಟರ್ರೇ ಬಟನ್ ಒತ್ತಿ ಹೇಳ್ಬೇಕು. ಅವ್ರಿಗೆ ಇದು ನಮ್ಮನ್ನ ಕಾಯೋಕೆ ಹಾಕಿರೋದು ಅನ್ನಿಸಿಬಿಟ್ರೆ ದಿನವಿಡೀ 'ಮೆಟೀರಿಯಲ್ ಇಲ್ಲ' ಒಂದೇ ಬಟನ್ನು 😄

ಹೊಸೂರ್‌ರೋಡ್:
ಎಲ್ರೂ ಡಬ್ಬದ ಬಗ್ಗೇನೇ ಮಾತಾಡ್ತಿದೀರ, ಡೇಟಾ ಯಾರ್ದು ಅಂತ ಯಾರೂ ಕೇಳ್ತಿಲ್ಲ. ನಾವು ಹಾಕಿಸಿ ಕಸ್ಟಮರ್‌ಗೆ ಲಾಗಿನ್ ಕೊಟ್ವಿ, ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯೋ ಹೊತ್ತು) ನೋಡ್ಕೊಂಡು ಮುಂದಿನ ಆರ್ಡರಲ್ಲಿ ರೇಟ್ ಇಳಿಸ್ಕೊಂಡು ಬಂದ್ರು ಪುಣ್ಯಾತ್ಮರು. ನಿಮ್ ಆರು ಜನದಲ್ಲೂ ಇಬ್ರು ಒಂದೇ ಕಂಪನಿಗೆ ಕೋಟ್ ಮಾಡೋರು ಇದ್ದೇ ಇರ್ತೀರ.

ಲೇತ್‌ಶೆಡ್:
ಇದಾರೆ ಸರ್, ಇಬ್ರಲ್ಲ, ಮೂರು ಜನ. ಹಂಗಾದ್ರೆ ಏನೇನು ಸೇರಿ ಮಾಡೋದು?

ಹೊಸೂರ್‌ರೋಡ್:
ರೇಟ್ ಮಾತಾಡೋದು, ಕೂರಿಸೋ ಎಂಜಿನಿಯರ್ ಖರ್ಚು, ಆಪರೇಟರ್ ಟ್ರೈನಿಂಗು, ಒಂದು ಸ್ಪೇರ್ ಗೇಟ್‌ವೇ (ಮಿಷನ್ ಡೇಟಾ ನೆಟ್ಟಿಗೆ ಕಳ್ಸೋ ಡಬ್ಬ), ಇಷ್ಟು ಸೇರಿ. ಲಾಗಿನ್ ಮಾತ್ರ ಒಬ್ಬೊಬ್ರಿಗೂ ಬೇರೆ. ಗೇಟ್‌ವೇ ದುಡ್ಡು ಸಮ ಭಾಗ, ತಿಂಗಳ ಬಾಡಿಗೆ ಮಿಷನ್ ಲೆಕ್ಕ, ಇಲ್ಲಾಂದ್ರೆ ಎರಡು ಮಿಷನ್‌ನೋನು ಹತ್ತು ಮಿಷನ್‌ನೋನ ಬಿಲ್ ಕಟ್ತಾ ಇರ್ತಾನೆ. ಒಬ್ರು ಬಿಟ್ಟೋದ್ರೆ ಅವ್ರ ಡೇಟಾ ಎಕ್ಸೆಲಲ್ಲಿ ಕೊಟ್ಟು ಅಳಿಸ್ಬೇಕು ಅಂತ ವೆಂಡರ್ ಹತ್ರ ಬರೆಸ್ಕೊಳ್ಳಿ. ಕಸ್ಟಮರ್ ಕೇಳಿದ್ರೆ ಅಪ್‌ಟೈಮ್, ಅಂದ್ರೆ ಮಿಷನ್ ಓಡಿದ ಹೊತ್ತಿನ ಪರ್ಸೆಂಟ್ ಪಿಡಿಎಫ್ ಕಳ್ಸಿ, ಸೈಕಲ್ ಟೈಮ್ ಕಾಲಮ್ ತೆಗೆದು.